ಸುಸ್ಥಿತಿಯಲ್ಲಿದ್ದ ಸೂರು

ಓಂಕಾರಪ್ಪನವರನ್ನು ಮೊದಲ ಸಲ ಕಂಡಾಗ, ಈ ರಾಜ್ಯವನ್ನು ಆಳುತ್ತಿರುವುದು ಇವರೇ ಎಂದು ನಾನು ನಂಬಿಬಿಟ್ಟಿದ್ದೆ. ನಂಬದೆ ಏನು ಮಾಡಲಿ? ಗೋಪಾಳದ ಬಸ್‌ಸ್ಟಾಪಿನ ಪಕ್ಕದ ಟೀ ಅಂಗಡಿ. ಹಣೆಯಲ್ಲಿ ವಿಭೂತಿ, ಗರಿಗರಿ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡ ಮನುಷ್ಯರೊಬ್ಬರು ಬನ್ನನ್ನು ಟೀಯಲ್ಲಿ ಅದ್ದುತ್ತ ಫೋನಿನಲ್ಲಿ ಹೇಳುತ್ತಿದ್ದರು:

"ಇಲ್ಲ ಸಾರ್, ನಾಳೆ ಮಿನಿಸ್ಟ್ರು ಏನು ಹೇಳ್ಬೇಕು ಅಂತ ನಾನಿನ್ನೂ ಡಿಸೈಡ್ ಮಾಡಿಲ್ಲ. ಮಧ್ಯಾಹ್ನದೊಳಗೆ ಮಾಡ್ತೀನಿ, ಆಮೇಲೆ ಹೇಳ್ಲಿ."

ನನ್ನ ಟೀ ಪ್ಯಾಂಟಿನ ಮೇಲೆ ಚೆಲ್ಲಿತು. ಅಲ್ಲಿ ಮಂತ್ರಿಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದಾರೆ, ಇಲ್ಲಿ ಇವರು ಬನ್ನು ತಿನ್ನುತ್ತಿದ್ದಾರೆ!

ಮರುದಿನದಿಂದ ಬೆಂಚಿನಲ್ಲಿ ಅವರಿಗೆ ಜಾಗ ಬಿಡತೊಡಗಿದೆ. ಅವರ ತರಕಾರಿ ಚೀಲ ಹೊತ್ತು ಮನೆಯ ಗೇಟಿನವರೆಗೆ ಹೋದೆ. ಪರಿಚಯ ಚೆನ್ನಾಗಿ ಹದವಾದ ಮೇಲೆ, ಸೊರಬದ ಕಡೆ ಮೇಷ್ಟರಾಗಿರುವ ನನ್ನ ಭಾವಮೈದುನನನ್ನು ಶಿವಮೊಗ್ಗಕ್ಕೆ ವರ್ಗ ಮಾಡಿಸಿಕೊಡಬೇಕು ಎಂದು ಬೇಡಿಕೊಂಡೆ. ಅವರು ಕಣ್ಣು ಮುಚ್ಚಿ, ತೆರೆದು, "ಪರಿಶೀಲನೆಯಲ್ಲಿದೆ" ಎಂದರು. ಮಾತು ಎಷ್ಟು ತೂಕವಾಗಿತ್ತೆಂದರೆ ನಾನು ಅವತ್ತೇ ಭಾವಮೈದುನನಿಗೆ ಬಾಡಿಗೆ ಮನೆ ನೋಡಲು ಹೇಳಿಬಿಟ್ಟೆ.

ಭ್ರಮೆ ಬಿಡಿಸಿದವರು ಅವರ ಹೆಂಡತಿ ಜಗದಾಂಬ. ಗೇಟಿನ ಬಳಿ ಚೀಲ ತೆಗೆದುಕೊಳ್ಳುತ್ತ ಹೇಳಿದರು: "ಅಯ್ಯೋ ನಿಮ್ಮ, ಇವ್ರ ಟ್ರಾನ್ಸ್‌ಫರ್ರೇ ಇವ್ರ ಕೈಲಿಲ್ಲ. ಆಫೀಸಲ್ಲಿ ಎಫ್‌ಡಿಎ ಕಣ್ರೀ ಇವ್ರು. ಗುಮಾಸ್ತರು! ನೀವು ಇಷ್ಟು ದಿನ ಚೀಲ ಹೊತ್ತಿದ್ದು ಪುಕ್ಸಟ್ಟೆ."

ವಿಷಯ ಇಷ್ಟು. ಅಧಿವೇಶನ ಬಂದರೆ ಶಾಸಕರು ಇಲಾಖೆಗಳಿಗೆ ಲಿಖಿತ ಪ್ರಶ್ನೆ ಹಾಕುತ್ತಾರೆ, ಮಂತ್ರಿಗಳು ಲಿಖಿತ ಉತ್ತರ ಕೊಡುತ್ತಾರೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಕೆಳಗೆ ಮಂತ್ರಿಗಳ ಸಹಿ. ಕೇಳಿದ ಪ್ರಶ್ನೆ ಬೆಂಗಳೂರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಉರುಳಿಕೊಂಡು ಬರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಒಬ್ಬರು ಅದರ ನೆತ್ತಿಯ ಮೇಲೆ 'ಅತಿ ಜರೂರು, ಇಂದೇ' ಎಂದು ಬರೆದು ಕೆಳಕ್ಕೆ ತಳ್ಳುತ್ತಾರೆ. ಇನ್ನು ಉರುಳಲು ಮೆಟ್ಟಿಲೇ ಇಲ್ಲ ಎಂಬಲ್ಲಿ ಅದು ಬಂದು ಕೂರುವುದು ಓಂಕಾರಪ್ಪನವರ ಮೇಜಿನ ಮೇಲೆ. ಅವರು ಬರೆದದ್ದು ಅದೇ ಮೆಟ್ಟಿಲು ಹತ್ತಿ ಹೋಗಿ ಮಂತ್ರಿಗಳ ಉತ್ತರವಾಗುತ್ತದೆ. ಇಲಾಖೆಯ ಹೆಸರು ಬೇಡ. ಅದರ ಕೈಕೆಳಗೆ ಕೆಲವು ಹಾಸ್ಟೆಲ್‌ಗಳಿವೆ ಎಂದು ಗೊತ್ತಿದ್ದರೆ ಸಾಕು.

ಹಾಗಾಗಿ ಅವರು ಫೋನಿನಲ್ಲಿ ಹೇಳಿದ್ದು ಸುಳ್ಳೇನಲ್ಲ. ಮಂತ್ರಿಗಳು ಬಂದರು, ಹೋದರು, ಪಕ್ಷಗಳು ಬದಲಾದವು. ಅವರೆಲ್ಲರ ಬಾಯಲ್ಲೂ ಬಂದದ್ದು ಓಂಕಾರಪ್ಪನವರ ವಾಕ್ಯಗಳೇ. ಈ ವಿದ್ಯೆ ಅವರಿಗೆ ಬಂದದ್ದು ಕುಂಸಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅಪ್ಪನಿಂದ. ಗಿರಾಕಿ ಕೇಳಿದ ಸೀರೆ ಅಂಗಡಿಯಲ್ಲಿ ಇಲ್ಲದಿದ್ದರೆ 'ಇಲ್ಲ' ಎನ್ನಬಾರದು, 'ದಾರಿಯಲ್ಲಿದೆ' ಎನ್ನಬೇಕು ಎಂದು ಅಪ್ಪ ಕಲಿಸಿದ್ದರಂತೆ. ಮಗ ಅದನ್ನೇ ಸರ್ಕಾರಿ ಕನ್ನಡಕ್ಕೆ ತಂದರು. ಇಡೀ ಸರ್ವೀಸಿನಲ್ಲಿ ಅವರ ಕೈಯಿಂದ ಬರೀ 'ಇಲ್ಲ' ಎಂಬ ಒಂಟಿ ಪದ ಬಿದ್ದಿಲ್ಲ ಎಂಬುದು ಅವರ ದೊಡ್ಡ ಹೆಮ್ಮೆ.

ಮನೆಯಲ್ಲೂ ಅದೇ ಭಾಷೆ. ಗ್ಯಾಸ್ ಬುಕ್ ಮಾಡಿದ್ರಾ ಎಂದು ಜಗದಾಂಬ ಕೇಳಿದರೆ "ಕ್ರಮ ವಹಿಸಲಾಗುತ್ತಿದೆ" ಎನ್ನುವರು. ಅಂದ್ರೆ ಮಾಡಿಲ್ಲ ಅಂತ ತಾನೆ ಎಂದರೆ "ಆ ಪ್ರಶ್ನೆ ಉದ್ಭವಿಸುವುದಿಲ್ಲ."

"ಹಂಗಾದ್ರೆ ಮಧ್ಯಾಹ್ನ ಮುದ್ದೇನೂ ಉದ್ಭವಿಸಲ್ಲ, ಹೋಗಿ."

ಅವರ ಒಂದು ನಿಯಮ: ಹೊಸದಾಗಿ ಏನನ್ನೂ ಬರೆಯಬಾರದು. ಹೋದ ಅಧಿವೇಶನದ ಉತ್ತರ ತೆಗೆ, ತಾರೀಖು ಬದಲಿಸು, ಕಳಿಸು. "ಹೊಸ ಉತ್ತರ ಅಂದ್ರೆ ಹೊಸ ಪ್ರಶ್ನೆಗೆ ಬಾಗಿಲು ತೆಗೆದ ಹಾಗೆ ಮಾರಾಯ್ರೆ" ಎನ್ನುವರು. ಅವರಿಗೆ ತುಂಬಾ ಇಷ್ಟವಾದ ಒಂದು ವಾಕ್ಯವಿತ್ತು. ಭದ್ರಾವತಿಯ ಓಲ್ಡ್ ಟೌನಿನ ಹುಡುಗಿಯರ ಹಾಸ್ಟೆಲ್ಲಿನ ಬಗ್ಗೆ ವರ್ಷವರ್ಷವೂ ಹೋಗುತ್ತಿದ್ದ ವಾಕ್ಯ ಅದು. ಒಂದು ಸಂಜೆ ಟೀ ಅಂಗಡಿಯಲ್ಲಿ ವಚನ ಹೇಳುವ ಹಾಗೆ ಹೇಳಿ ತೋರಿಸಿದರು:

"ಸದರಿ ಕಟ್ಟಡವು ಸುಸ್ಥಿತಿಯಲ್ಲಿದ್ದು, ವಿದ್ಯಾರ್ಥಿನಿಯರ ವಾಸಕ್ಕೆ ಯೋಗ್ಯವಾಗಿರುತ್ತದೆ. ಹೆಂಗಿದೆ? ಒಂದು ಅಕ್ಷರ ಅಲ್ಲಾಡ್ಸಿ ನೋಡೋಣ."

"ನೀವು ಆ ಕಟ್ಟಡ ನೋಡಿದೀರಾ?" ಎಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. "ಉತ್ತರ ಬರೆಯೋನು ನೋಡೋಕೆ ಹೋಗ್ತಾನೇನ್ರೀ? ಫೈಲಲ್ಲಿ ಇದೆಯಲ್ಲ."

ಕಳೆದ ಸಂಕ್ರಾಂತಿ ಮುಗಿದ ಮೇಲೆ ಆ ಹಾಸ್ಟೆಲ್ಲಿನಲ್ಲಿ ಒಂದು ಜಾಗ ಖಾಲಿಯಾಯಿತು. ಯಾರೋ ಹುಡುಗಿ ಅರ್ಧ ವರ್ಷದಲ್ಲೇ ಬಿಟ್ಟು ಹೋಗಿದ್ದಳು. ಏಕೆ ಬಿಟ್ಟಳು ಎಂದು ಯಾರೂ ಕೇಳಲಿಲ್ಲ. ಆ ಜಾಗ ಜಗದಾಂಬ ಅವರ ತಂಗಿಯ ಮಗಳು ಸ್ಫೂರ್ತಿಗೆ ಸಿಕ್ಕಿತು. ಕುಂಸಿಯಿಂದ ಭದ್ರಾವತಿ ಕಾಲೇಜಿಗೆ ದಿನಾ ಎರಡು ಬಸ್ಸು ಬದಲಿಸಿ ಸುಸ್ತಾಗಿದ್ದ ಹುಡುಗಿ ಒಬ್ಬಳೇ ಮೊದಲು ಹೋಗಿ ಸೇರಿಕೊಂಡಳು. ಅವಳ ಟ್ರಂಕು, ಹಾಸಿಗೆಗಳನ್ನು ಒಂದು ಭಾನುವಾರ ತಲುಪಿಸಬೇಕಾಯಿತು. ಕಾರು ನನ್ನದು. ಅದರಿಂದಾಗಿ ಮುಂದಿನದಕ್ಕೆ ನಾನೂ ಸಾಕ್ಷಿ.

ಹೊರಗಿನಿಂದ ಕಟ್ಟಡಕ್ಕೆ ಹೊಸ ಸುಣ್ಣ ಬಣ್ಣ. ಓಂಕಾರಪ್ಪನವರು ಕಾರಿನಿಂದಿಳಿದು, ಮಗನ ಮದುವೆ ಮಂಟಪ ನೋಡುವ ತಂದೆಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಹೇಳಿರ್ಲಿಲ್ವಾ? ಸುಸ್ಥಿತಿ!"

ಬಾಗಿಲಲ್ಲಿ ಅಡುಗೆಯಮ್ಮ ಅಡ್ಡ ನಿಂತಳು. ಫ್ಯಾಕ್ಟರಿ ಕಡೆಯ ತಮಿಳು ಹೆಂಗಸು. ಕೈಯಲ್ಲಿ ಅಲ್ಯೂಮಿನಿಯಂ ಡಬರಿಗಳು.

"ಸಾಮಿ, ಹಾಲ್ ದಾಟಿ ಹೋಗ್ಬೇಕಾ? ಇದನ್ನ ತಲೆ ಮೇಲೆ ಕವಚ್ಕೊಳ್ಳಿ."

"ಏನಮ್ಮಾ ಇದು, ತಮಾಷೇನಾ?"

"ತಮಾಷೆ ಇಲ್ಲ ಸಾಮಿ. ನಿಮ್ ತಲೆ, ನಿಮ್ ಇಷ್ಟ."

ಜಗದಾಂಬ ಒಂದನ್ನು ತಲೆಗೆ ಕವುಚಿಕೊಂಡರು. ನಾನೂ ಕವುಚಿಕೊಂಡೆ. ಓಂಕಾರಪ್ಪನವರು ವಿಭೂತಿ ಅಳಿಸದಂತೆ ಅದನ್ನು ಹಿಂದಕ್ಕೆ ವಾಲಿಸಿ ಇಟ್ಟುಕೊಂಡು, ಅವಮಾನ ನುಂಗುತ್ತ ಹಾಲಿನೊಳಗೆ ಕಾಲಿಟ್ಟರು. ತಲೆಯೆತ್ತಿದರೆ ಚಾವಣಿಯ ಗಾರೆಯೆಲ್ಲ ಉದುರಿ, ತುಕ್ಕು ಹಿಡಿದ ಸರಳುಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ಹಾಲಿನಲ್ಲಿ ಒಂದು ಮಂಚವೂ ಇರಲಿಲ್ಲ. ನಡುವೆ ಬಂದಿದ್ದೆವು, ಹೋಳಿಗೆಯಷ್ಟು ಅಗಲದ ಚಕ್ಕೆಯೊಂದು ಕಳಚಿಕೊಂಡು ಓಂಕಾರಪ್ಪನವರ ಡಬರಿಯ ಮೇಲೆ ಠಣ್ಣೆಂದು ಬಿತ್ತು.

ಒಳಗಿನ ಊಟದ ಕೋಣೆಯಿಂದ ಹುಡುಗಿಯರ ದನಿ ಒಟ್ಟಿಗೆ ಕೇಳಿತು: "ಸುಸ್ಥಿತಿ, ಸುಸ್ಥಿತಿ, ಸುಸ್ಥಿತಿ!"

ಗುಡುಗಿದಾಗ ನಮ್ಮ ಕಡೆ ಅರ್ಜುನ, ಫಲ್ಗುಣ ಎನ್ನುತ್ತಾರಲ್ಲ, ಹಾಗೆ. ಗಾರೆ ಬಿದ್ದ ಸದ್ದು ಕೇಳಿದರೆ ಇಲ್ಲಿ ಹೀಗೆ ಹೇಳುವುದು ವಾಡಿಕೆಯಂತೆ. ಓಂಕಾರಪ್ಪನವರು ಡಬರಿ ಹಿಡಿದುಕೊಂಡು ನಿಂತಲ್ಲೇ ನಿಂತರು. ಜಗದಾಂಬ ಅವರ ತೋಳು ಹಿಡಿದು ಎಳೆದುಕೊಂಡು ಬಂದರು.

ಊಟದ ಕೋಣೆಯೊಂದರ ಚಾವಣಿ ಮಾತ್ರ ಸ್ವಲ್ಪ ಗಟ್ಟಿ. ಸ್ಫೂರ್ತಿ ಓಡಿ ಬಂದಳು. "ದೊಡ್ಡಪ್ಪ, ನಂಗೆ ಕಿಟಕಿ ಪಕ್ಕದ ಟೇಬಲ್ಲೇ ಸಿಕ್ತು!"

"ಓದೋಕಾ ಮಗಳೇ?"

"ಅಲ್ಲ, ಮಲಗೋಕೆ. ಟೇಬಲ್ ಕೆಳಗೆ. ಮೇಲಿಂದ ಬಿದ್ರೂ ಟೇಬಲ್ ತಡ್ಕೊಳುತ್ತೆ."

ಬಗ್ಗಿ ನೋಡಿದೆವು. ಸಾಲು ಸಾಲು ಊಟದ ಮೇಜುಗಳು; ಒಂದೊಂದರ ಕೆಳಗೂ ಮಡಚಿಟ್ಟ ಹಾಸಿಗೆ, ಪುಸ್ತಕ, ಬಾಚಣಿಗೆ, ಒಂದು ಪುಟ್ಟ ಕನ್ನಡಿ. ಮೇಲೆ ಊಟ, ಕೆಳಗೆ ಸಂಸಾರ.

ವಾರ್ಡನ್ ಪುಷ್ಪಾ ಮೇಡಂ ಕುರ್ಚಿ ಹಾಕಿಸಿದರು. "ದುರಸ್ತಿಗೆ ಬರೆದೂ ಬರೆದೂ ಸಾಕಾಯ್ತು ಸರ್. ಬರೋ ಉತ್ತರ ಒಂದೇ. ಸದರಿ ಕಟ್ಟಡವು ಸುಸ್ಥಿತಿಯಲ್ಲಿದ್ದು, ವಿದ್ಯಾರ್ಥಿನಿಯರ ವಾಸಕ್ಕೆ ಯೋಗ್ಯವಾಗಿರುತ್ತದೆಯೆಂದು ಮಾನ್ಯ ಸಚಿವರು ಸದನಕ್ಕೆ ತಿಳಿಸಿರುವುದರಿಂದ, ದುರಸ್ತಿಯ ಪ್ರಶ್ನೆ ಉದ್ಭವಿಸುವುದಿಲ್ಲ. ನಮ್ಮ ಹುಡುಗೀರಿಗೆಲ್ಲ ಬಾಯಿಪಾಠ. ಇನ್ನೊಂದು ಮಳೆಗಾಲ ಕುಡಿದ್ರೆ ಸ್ಲ್ಯಾಬೇ ಕೆಳಗೆ ಬರುತ್ತೆ ಅಂತ ಮೇಸ್ತ್ರಿ ಹೇಳ್ಬಿಟ್ಟಿದಾನೆ. ಆ ವಾಕ್ಯ ಬರೆದ ಪುಣ್ಯಾತ್ಮ ಒಂದು ಸಲ ಸಿಕ್ಕಿದ್ರೆ ಆ ಹಾಲಲ್ಲಿ ಒಂದಿನ ಮಲಗಿಸ್ತಿದ್ದೆ ನೋಡಿ."

ಸ್ಫೂರ್ತಿಯ ಮುಖ ಅರಳಿತು. "ಮೇಡಂ, ನಮ್ಮ ದೊಡ್ಡಪ್ಪಂಗೇ ಹೇಳಿ! ಮಿನಿಸ್ಟ್ರಿಗೆ ಉತ್ತರ ಬರೆದುಕೊಡೋದು ಇವ್ರೇ!"

ಮೇಜಿನ ಕೆಳಗಿನಿಂದ ಒಂದೆರಡು ತಲೆಗಳು ಹೊರಬಂದು ಓಂಕಾರಪ್ಪನವರನ್ನು ನೋಡಿದವು. ಪುಷ್ಪಾ ಮೇಡಂ ಬಹಳ ಹೊತ್ತು ನೋಡಿ, ಕೊನೆಗೆ ಬಹಳ ಮರ್ಯಾದೆಯಿಂದ ಕೇಳಿದರು: "ಸರ್, ಕಾಫಿ ಕುಡೀತೀರಾ?"

ವಾಪಸು ಬರುವಾಗ ಭದ್ರಾ ಸೇತುವೆ ದಾಟಿದ ಮೇಲೆ ಓಂಕಾರಪ್ಪನವರು ಸಣ್ಣ ದನಿಯಲ್ಲಿ, "ಸ್ಫೂರ್ತೀನ ನಮ್ಮ ಮನೆಗೆ ಕರ್ಕೊಂಡು ಬಂದ್ಬಿಡೋಣ" ಎಂದರು.

"ಒಬ್ಬಳನ್ನ ಕರ್ಕೊಂಡು ಬರಬಹುದು ರೀ," ಎಂದರು ಜಗದಾಂಬ. "ಉಳಿದೋರು ನಿಮ್ಮ ವಾಕ್ಯದ ಕೆಳಗೇ ಮಲಗ್ಲಾ?"

ಮರುದಿನವೇ ಓಂಕಾರಪ್ಪನವರು ಕಟ್ಟಡ ಅಪಾಯದಲ್ಲಿದೆ ಎಂದು ಟಿಪ್ಪಣಿ ಬರೆದು ತಮ್ಮ ಸಾಹೇಬರಾದ ಜ್ಞಾನೇಶ್ ಅವರ ಮುಂದಿಟ್ಟರು. ಜ್ಞಾನೇಶ್ ಮಗನ ವಯಸ್ಸಿನವರು, ಓಂಕಾರಪ್ಪನವರ ಕೈಬರಹ ಕಂಡರೆ ಓದದೆ ಸಹಿ ಹಾಕುವವರು. ಅವತ್ತು ಕೆಟ್ಟ ಘಳಿಗೆಯಲ್ಲಿ ಓದಿಬಿಟ್ಟರು.

"ಏನ್ರೀ ಇದು? ಸದನದಲ್ಲಿ ಮಿನಿಸ್ಟ್ರು ಸುಸ್ಥಿತಿ ಅಂದಿದಾರೆ. ಅಲ್ಲ ಅಂತ ನಾವಾಗಿ ನೋಟ್ ಹಾಕಿದ್ರೆ ಮಿನಿಸ್ಟ್ರು ಸುಳ್ಳು ಹೇಳಿದ್ರು ಅಂತಾಗಲ್ವಾ? ನಿಮಗೇ ಗೊತ್ತಿರೋ ವಿಷಯ. ಮುಂದೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ ನೋಡೋಣ ಬಿಡಿ."

ಇಂಥ ಜವಾಬನ್ನು ಇಡೀ ಜೀವಮಾನ ಬೇರೆಯವರಿಗೆ ಕೊಟ್ಟ ಮನುಷ್ಯ ಅದನ್ನು ತಾವೇ ತೆಗೆದುಕೊಂಡದ್ದು ಇದೇ ಮೊದಲು. ಸಂಜೆ ಟೀ ಅಂಗಡಿಯಲ್ಲಿ ಬನ್ನು ಮುಟ್ಟಲಿಲ್ಲ. "ನಾನು ಉತ್ತರದೋನು ಮಾರಾಯ್ರೆ. ಪ್ರಶ್ನೆ ಬರದೇ ನಾನು ಬಾಯಿ ಬಿಡೋ ಹಾಗಿಲ್ಲ. ಇಷ್ಟು ವರ್ಷ ಪ್ರಶ್ನೆ ಬಂದ್ರೆ ಎದೆ ಹೊಡ್ಕೊಳ್ತಿತ್ತು. ಈಗ ಒಂದು ಪ್ರಶ್ನೆಗೆ ಬಾಯಿ ಬಾಯಿ ಬಿಡೋ ಹಾಗಾಯ್ತು. ನಿಮಗೆ ಶಾಸಕರ ಪರಿಚಯ ಇದೆ ಅಂತಿದ್ರಲ್ಲ?"

ಇತ್ತು. ಒಂದು ಸಮಾರಂಭದಲ್ಲಿ ಶಾಸಕರೊಬ್ಬರು ನನಗೆ ಶಾಲು ಹೊದಿಸಿ, ಇನ್ಯಾರದೋ ಹೆಸರು ಹೇಳಿ ಹೊಗಳಿದ್ದರು. ಆ ಫೋಟೋ ನಮ್ಮ ಮನೆಯ ಹಾಲಿನಲ್ಲಿದೆ. "ಮಾತಾಡ್ತೀನಿ, ಪರಿಶೀಲಿಸೋಣ" ಎಂದೆ. ಓಂಕಾರಪ್ಪನವರು ನನ್ನನ್ನು ನೋಡಿದ ರೀತಿಯಲ್ಲೇ ಆ ಪದದ ಅರ್ಥ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂದು ನನಗೆ ಹೊಳೆಯಿತು.

ಜಗದಾಂಬ ನಮ್ಮಿಬ್ಬರನ್ನೂ ಕಾಯಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ, ಆಟೋ ಹತ್ತಿ ಶಾಸಕರ ಮನೆಗೆ ಹೋಗಿ, ಜನರ ಸಾಲಿನಲ್ಲಿ ನಿಂತು, ಮಧ್ಯಾಹ್ನಕ್ಕೆ ವಾಪಸು ಬಂದರು. "ಪ್ರಶ್ನೆ ಬರ್ಕೊಡಿ ಅಕ್ಕ, ಸಾಹೇಬ್ರ ಸಹಿ ಹಾಕ್ಸಿ ಕಳಿಸ್ತೀವಿ ಅಂದ್ರು ಅವ್ರ ಪಿಎ. ತಗೊಳ್ಳಿ, ಬರೀರಿ."

"ನಾನಾ?"

"ಮತ್ತೆ ನಾನು ಬರೀಲಾ? ಕಳ್ಳಂಗೇ ತಾನೆ ಮನೆಯ ಬಾಗಿಲೆಲ್ಲ ಗೊತ್ತಿರೋದು?"

ಅವರು ಹೇಳಿದ್ದು ನಿಜ. ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಒಂದೊಂದು ಬಾಗಿಲೂ ಓಂಕಾರಪ್ಪನವರು ತಾವೇ ಬಳಸಿ ಸವೆಸಿದ್ದು. ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಕೇಳಿದರೆ ಬಂದಿರುವುದಿಲ್ಲ ಎಂದು ಹೊರಟುಹೋಗಬಹುದು. ಕ್ರಮ ಕೈಗೊಳ್ಳಲಾಗುವುದೇ ಎಂದರೆ ಪರಿಶೀಲನೆಯಲ್ಲಿದೆ. ಯಾವಾಗ ಎಂದರೆ ಅನುದಾನದ ಲಭ್ಯತೆ ನೋಡಿಕೊಂಡು. ಊಟ ಬಿಟ್ಟು ಕೂತು, ಆ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಒಳಗಿನಿಂದ ಚಿಲಕ ಹಾಕಿ, ಎರಡೇ ಎರಡು ಪ್ರಶ್ನೆ ಬರೆದರು.

(ಅ) ಭದ್ರಾವತಿ ಓಲ್ಡ್ ಟೌನಿನ ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ ವಿದ್ಯಾರ್ಥಿನಿಯರು ಮಲಗುತ್ತಿರುವುದು ಮಂಚದ ಮೇಲೋ, ಊಟದ ಮೇಜಿನ ಕೆಳಗೋ?

(ಆ) ಈ ಕಟ್ಟಡವು ಸುಸ್ಥಿತಿಯಲ್ಲಿದೆಯೆಂದು ಈ ಹಿಂದೆ ಸದನಕ್ಕೆ ಉತ್ತರ ನೀಡುವ ಮುನ್ನ, ಅಲ್ಲಿಗೆ ಹೋಗಿ ನೋಡಿದವರು ಯಾರು?

ಎರಡು ಸಲ ಓದಿದೆ. "ಇದು ಎಲ್ಲಿಗೆ ಹೋಗುತ್ತೆ ಗೊತ್ತಾ ನಿಮಗೆ?" ಎಂದೆ.

"ಗೊತ್ತು," ಎಂದರು. "ಸುತ್ತಿ ಬಂದು ನನ್ನ ಮೇಜಿಗೇ."

ಬಂತು. ಮಾರ್ಚಿನ ಅಧಿವೇಶನದಲ್ಲಿ, ನೆತ್ತಿಯ ತುಂಬ 'ಅತಿ ಜರೂರು' ಬರೆಸಿಕೊಂಡು, ಬೆಳಿಗ್ಗೆ ಬಂದು ಸಂಜೆಯೊಳಗೆ ಉತ್ತರ ಬೇಕೆಂದು ಕೂತುಕೊಂಡಿತು. ಜ್ಞಾನೇಶ್ ಸಾಹೇಬರು ಓಡುತ್ತ ಬಂದು, "ಯಾವ ಶಾಸಕರ ತಲೇರೀ ಇದು ಇಷ್ಟು ಚುರುಕು! ತಪ್ಪಿಸ್ಕೊಳ್ಳೋಕೆ ಸಂದೇ ಇಲ್ಲವಲ್ಲ" ಎಂದು ಬೆವರಿದರಂತೆ. ಅಂಥ ಹೊತ್ತಿನಲ್ಲೂ ಓಂಕಾರಪ್ಪನವರಿಗೆ ಒಂದು ಚೂರು ಹೆಮ್ಮೆಯಾಯಿತಂತೆ. ಅದನ್ನು ಅವರೇ ಹೇಳಿದರು, ನಾಚಿಕೊಂಡು.

ಎಡಗಡೆ ಅವರ ಪ್ರಶ್ನೆ. ಬಲಗಡೆ ಖಾಲಿ. ಕೈ ರೂಢಿಯಂತೆ 'ಸದರಿ ಕಟ್ಟಡವು ಸು' ಎಂದು ಬರೆದೇಬಿಟ್ಟಿತ್ತಂತೆ. ಆಗ ತಲೆಯ ಮೇಲೆ ಠಣ್ಣೆಂದ ಹಾಗಾಯಿತು ಎನ್ನುತ್ತಾರೆ. ಹಾಳೆ ಹರಿದು ಹೊಸದರಲ್ಲಿ ಬರೆದರು:

(ಅ) ಊಟದ ಮೇಜಿನ ಕೆಳಗೆ.

(ಆ) ಯಾರೂ ಇಲ್ಲ.

'ಇಲ್ಲ'. ಅಪ್ಪನ ಅಂಗಡಿಯಲ್ಲಿ ಹೇಳಬಾರದಿದ್ದ ಪದ. ಆ ಹಾಳೆಯನ್ನು ಬೇರೆ ಹಾಸ್ಟೆಲ್‌ಗಳ ಉದ್ದುದ್ದ ಉತ್ತರಗಳ ಜೊತೆ ಸೇರಿಸಿ ಸಹಿಗೆ ಇಟ್ಟರು. ಜ್ಞಾನೇಶ್ ಮೇಲಿನ ಹಾಳೆಯ ಕೈಬರಹ ನೋಡಿ, "ಬಚಾವ್ ಮಾಡಿದ್ರಿ ಓಂಕಾರಪ್ಪೋರೇ" ಎಂದು ಸಹಿ ಹಾಕಿದರು. ಆಮೇಲೆ ಅದು ಮೆಟ್ಟಿಲು ಹತ್ತಿತು. ನನಗೆ ಇವತ್ತಿಗೂ ಎದೆ ಝಲ್ಲೆನ್ನುವುದು ಇಲ್ಲೇ. ದಾರಿಯುದ್ದಕ್ಕೂ ಅಷ್ಟು ಮೇಜು, ಅಷ್ಟು ಕನ್ನಡಕ, ಅಷ್ಟು ಹಸಿರು ಪೆನ್ನು. ಒಬ್ಬರೂ ಓದಲಿಲ್ಲ. ಸುಳ್ಳು ಯಾವ ದಾರಿಯಲ್ಲಿ ವರ್ಷವರ್ಷವೂ ನಿರಾತಂಕವಾಗಿ ಹೋಗುತ್ತಿತ್ತೋ, ಅದೇ ದಾರಿಯಲ್ಲಿ ನಿಜವೂ ಹೋಗಿ ಮಂತ್ರಿಗಳ ಸಹಿ ಹಾಕಿಸಿಕೊಂಡು ಸದನದಲ್ಲಿ ಕೂತಿತು.

ಓದಿದವನು ಒಬ್ಬ ಪತ್ರಿಕೆಯ ವರದಿಗಾರ. ಮರುದಿನ ಮುಖಪುಟದಲ್ಲಿ 'ಯಾರೂ ಇಲ್ಲ' ಎಂದು ದಪ್ಪಕ್ಷರದಲ್ಲಿ ಬಂತು. ಮಂತ್ರಿಗಳು ತಮ್ಮ ಉತ್ತರ ಕಂಡು ತಾವೇ ಹೌಹಾರಿದರಂತೆ. ನಮ್ಮ ಶಾಸಕರಂತೂ ಟಿವಿಯವರು ಮೈಕು ಹಿಡಿದಾಗ ಪಿಎ ಕಡೆ ತಿರುಗಿ, "ಇದನ್ನ 'ನಾನು' ಕೇಳಿದ್ನೇನೋ?" ಎಂದರು. ಮೈಕು ಆನ್ ಇತ್ತು. ಮೂರನೆಯ ದಿನ ಬೆಂಗಳೂರಿನಿಂದ ವಿಚಾರಣೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು, ಮೊದಲು ಓಲ್ಡ್ ಟೌನಿಗೆ ಹೋದರು. ಅಡುಗೆಯಮ್ಮ ಅವರಿಗೂ ಡಬರಿ ಕೊಟ್ಟಳು. ಅವರು ಬೇಡವೆಂದು ಒಳಗೆ ಹೋಗಿ, ಹೋದಷ್ಟೇ ಬೇಗ ಹೊರಬಂದು, ಡಬರಿ ಇಸಿದುಕೊಂಡು ಮತ್ತೆ ಒಳಗೆ ಹೋದರು. ಆ ವಾರದಲ್ಲೇ ಹುಡುಗಿಯರೆಲ್ಲ ಬಾಡಿಗೆ ಮನೆಗೆ ಹೋದರು. ಯುಗಾದಿಗೆ ಮುಂಚೆ ಹಳೆಯ ಸ್ಲ್ಯಾಬ್ ಒಡೆಯುವ ಸುತ್ತಿಗೆ ಸದ್ದು ಶುರುವಾಯಿತು. ಸ್ಫೂರ್ತಿ ಫೋನಿನಲ್ಲಿ, "ದೊಡ್ಡಪ್ಪ, ನಂಗೆ ಮಂಚ ಸಿಕ್ತು, ಆದ್ರೆ ನಿದ್ದೇನೇ ಬರ್ತಿಲ್ಲ, ಮೇಲೆ ಏನೋ ಖಾಲಿ ಖಾಲಿ" ಎಂದು ನಗುತ್ತಿದ್ದಳು.

ಇತ್ತ ಓಂಕಾರಪ್ಪನವರಿಗೆ ನೋಟಿಸು. ಹಿಂದಿನ ಸುಳ್ಳುಗಳಿಗಲ್ಲ, ಈ ಸಲದ 'ನಿರ್ಲಕ್ಷ್ಯ'ಕ್ಕೆ. ವಿಚಾರಣೆಯ ದಿನ ಧೈರ್ಯಕ್ಕೆ ಇರಲೆಂದು ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಸಾಕ್ಷಿ ಹೇಳಲು ಕರೆದರೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಒಂದು ಭಾಷಣ ತಯಾರಿಸಿಕೊಂಡಿದ್ದೆ. ಯಾರೂ ಕರೆಯಲಿಲ್ಲ. ಜಗದಾಂಬ ಮತ್ತು ನಾನು ಹೊರಗಿನ ಬೆಂಚಿನಲ್ಲಿ ಕೂತೆವು. ಸಾಹೇಬರ ಕೋಣೆಗೆ ಅರ್ಧ ಬಾಗಿಲು, ಮಾತೆಲ್ಲ ಕೇಳುತ್ತಿತ್ತು.

ಬೆಂಗಳೂರಿನ ಅಧಿಕಾರಿ ಫೈಲಿನ ಹಾಳೆ ಮಗುಚುತ್ತ ಹೋದರು. ಆ ದನಿಯಲ್ಲಿ ಸಿಟ್ಟಿಗಿಂತ ದಿಗ್ಭ್ರಮೆಯೇ ಹೆಚ್ಚಿತ್ತು, ಸಾಕಿದ ಹಸು ಹಾಯ್ದರೆ ಆಗುವ ಹಾಗೆ.

"ನೋಡ್ರೀ, ಇಲ್ಲಿಂದ ಇಲ್ಲಿವರೆಗೂ ನಿಮ್ಮ ಉತ್ತರಗಳು. ಒಂದೇ ಒಂದು ತಪ್ಪಿಲ್ಲ, ಒಂದೇ ಒಂದು ತಕರಾರಿಲ್ಲ. ಎಷ್ಟು ಚೆನ್ನಾಗಿ ಸುಸ್ಥಿತಿ, ಸುಸ್ಥಿತಿ ಅಂತ ಬರ್ಕೊಂಡು ಬಂದಿದೀರಿ. ಇಷ್ಟು ವರ್ಷ ಸರಿಯಾಗಿದ್ದೋರಿಗೆ ಈ ಸಲ ಏನಾಯ್ತು ರೀ?"

ಹಳೆಯ ಬಾಗಿಲುಗಳಲ್ಲಿ ಯಾವುದಾದರೊಂದನ್ನು ತೆರೆದು ನುಸುಳಿಕೊಂಡು ಬರಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಜಗದಾಂಬ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು.

"ಈ ಸಲ ಹೋಗಿ ನೋಡ್ದೆ ಸಾರ್," ಎಂದರು ಓಂಕಾರಪ್ಪನವರು.